ಕೀಟೊದಲ್ಲಿ ಒಂದು ಬಾಯಾರಿದ ದಿನ

2023ನೇ ಇಸವಿಯ ಆಗಸ್ಟ್ ತಿಂಗಳು. ನಾನು ಆಗ ನೈರೋಬಿಯ ಒಂದು ಟ್ರಾವೆಲ್ ಕಂಪನಿಯಲ್ಲಿ ಟೂರ್ ಮ್ಯಾನೇಜರ್ ಆಗಿದ್ದೆ. ವಯಸ್ಸು ಅರವತ್ತಾರು, ರಿಟೈರ್ ಆಗಲು ಏಳು ತಿಂಗಳು ಬಾಕಿ. ಟೂರ್ ಮ್ಯಾನೇಜರ್ ಎಂದರೆ ಗೈಡ್ ಎಂದೇ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಊರಿನ ಚರಿತ್ರೆ ಹೇಳುವುದು ಆಯಾ ಊರಿನ ಲೋಕಲ್ ಗೈಡ್. ಜನರನ್ನು ವಿಮಾನ ಹತ್ತಿಸುವುದು, ಇಳಿಸುವುದು, ಗಂಟೆಗೊಮ್ಮೆ ತಲೆ ಎಣಿಸುವುದು, ಬಾರದ ಸೂಟ್‌ಕೇಸಿಗೆ ಫಾರಂ ತುಂಬುವುದು, ಸಸ್ಯಾಹಾರಿಗಳ ಸೂಪಿನಲ್ಲಿ ಮೀನಿನ ತುಂಡು ತೇಲದಂತೆ ಹೋಟೆಲಿನ ಅಡುಗೆಮನೆ ಬಾಗಿಲಲ್ಲಿ ಕಾವಲು ನಿಲ್ಲುವುದು, ಇವು ನನ್ನ ಕೆಲಸ. ಮದುವೆಯಾಗಿ ಮೈಸೂರಿನಿಂದ ನೈರೋಬಿಗೆ ಬಂದ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದನ್ನೇ ಮಾಡಿದೆ. ಎಷ್ಟೋ ಊರುಗಳು ಈಗ ಒಂದರೊಳಗೊಂದು ಕಲಸಿಹೋಗಿವೆ. ದಕ್ಷಿಣ ಅಮೆರಿಕದ ಕೀಟೊ ನಗರದಲ್ಲಿ ಕಳೆದ ಒಂದು ದಿನ ಮಾತ್ರ ಗಂಟೆಗಂಟೆಯ ಲೆಕ್ಕದಲ್ಲಿ ನೆನಪಿದೆ.

ಆ ಗುಂಪಿನಲ್ಲಿ ಹದಿಮೂರು ಜನ, ಏಳು ಗಂಡಸರು ಮತ್ತು ಆರು ಹೆಂಗಸರು. ಎಲ್ಲರೂ ನೈರೋಬಿಯ ಕನ್ನಡಿಗರು. ಬ್ಯಾಂಕಿನವರು, ಟೆಲಿಕಾಂನವರು, ಗಿಗಿರಿ ಬಡಾವಣೆಯ ಆಫೀಸುಗಳಲ್ಲಿ ಕೆಲಸ ಮಾಡುವವರು. ಇಷ್ಟು ದೂರದ ಊರನ್ನು ಆರಿಸಿದ್ದು ವತ್ಸಲಾ ಎಂಬಾಕೆ. ಲಂಗಾಟಾ ಬಡಾವಣೆಯ ಒಂದು ಸ್ಕೂಲಿನಲ್ಲಿ ಲೈಬ್ರೇರಿಯನ್, ಐವತ್ತೆಂಟು ವರ್ಷ, ಮೆಲುದನಿ. ಲೈಬ್ರರಿಗೆ ಬಂದ ಯಾವುದೋ ಅಟ್ಲಾಸಿನಲ್ಲಿ ಆಕೆ ಒಂದು ಫೋಟೊ ನೋಡಿದ್ದಳು: ಊರ ನಡುವೆ ಒಂದು ಗುಡ್ಡ, ಅದರ ಮೇಲೆ ರೆಕ್ಕೆಯಿರುವ ಕನ್ಯೆ ಮರಿಯಮ್ಮನ ಭಾರೀ ಮೂರ್ತಿ. ನನ್ನ ಆಫೀಸಿಗೆ ಬಂದಾಗ ಆ ಪುಟದ ಜೆರಾಕ್ಸ್ ಮೇಜಿನ ಮೇಲಿಟ್ಟು ಹೇಳಿದ್ದಳು, "ನೋಡಿ ನಳಿನಕ್ಕ, ಕಾಲಡಿ ಹಾವು, ತಲೆ ಮೇಲೆ ನಕ್ಷತ್ರ. ದೇವಿ ಹೌದು, ಆದ್ರೆ ಡ್ಯಾನ್ಸ್ ಮಾಡೋ ಥರ ನಿಂತಿದಾಳೆ! ಇಷ್ಟು ವರ್ಷ ನಮ್ಮನೇವ್ರು ಹೇಳಿದ ಕಡೆಗೆಲ್ಲ ಹೋಗಿದೀನಿ. ಇದೊಂದು ಮಾತ್ರ ನಾನು ಹೇಳಿದ್ದು."

"ನಮ್ಮನೇವ್ರು" ಎಂದರೆ ಶ್ರೀನಾಥ್. ಟೆಲಿಕಾಂ ಕಂಪನಿಯಿಂದ ರಿಟೈರ್ ಆದ ಎಂಜಿನಿಯರ್, ಮಾತುಗಾರ, ಗುಂಪನ್ನು ನಗಿಸುವವರು. ಇಂಥವರೊಬ್ಬರು ಇದ್ದರೆ ಬಸ್ಸಿನಲ್ಲಿ ಹೊತ್ತು ಹೋಗುವುದೇ ತಿಳಿಯುವುದಿಲ್ಲ ಎಂದು ನಾವು ಟೂರ್ ಮ್ಯಾನೇಜರುಗಳು ಒಳಗೊಳಗೇ ಖುಷಿಪಡುತ್ತೇವೆ. ನಾನೂ ಪಟ್ಟೆ.

ಕೀಟೊ ಇರುವುದು ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿ. ಅಷ್ಟು ಎತ್ತರದಲ್ಲಿ ಗಾಳಿ ತೆಳುವು. ಹೊಸಬರಿಗೆ ತಲೆನೋವು, ವಾಕರಿಕೆ, ಏದುಸಿರು ಬರಬಹುದು. ಇದನ್ನೇ ಆಲ್ಟಿಟ್ಯೂಡ್ ಸಿಕ್‌ನೆಸ್ ಎನ್ನುತ್ತಾರೆ. ಹೊರಡುವ ಮೊದಲು ಇದನ್ನೆಲ್ಲ ನಾನು ವಿವರಿಸಿದಾಗ ಶ್ರೀನಾಥ್ ಕೈಯೆತ್ತಿ ತಡೆದರು. "ಮೇಡಂ, ನಾವೇನು ಚೆನ್ನೈನಿಂದ ಹೋಗ್ತಿದೀವಾ? ನೈರೋಬಿಯೇ ಸಾವಿರದ ಎಂಟುನೂರು ಮೀಟರ್. ನಮ್ಮ ರಕ್ತದಲ್ಲೇ ಆಲ್ಟಿಟ್ಯೂಡ್ ಇದೆ." ಎಲ್ಲರೂ ತಲೆದೂಗಿದರು. ನೈರೋಬಿಯಲ್ಲಿ ನಾಲ್ಕು ವರ್ಷ ಕಳೆದವರಿಗೆಲ್ಲ ಈ ಹೆಮ್ಮೆ ಇರುತ್ತದೆ. ಸಾವಿರದ ಎಂಟುನೂರಕ್ಕೂ ಮೂರು ಸಾವಿರಕ್ಕೂ ಬಹಳ ಅಂತರ ಎಂದು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾವು ಕೀಟೊ ತಲುಪಿದ್ದು ಮಧ್ಯಾಹ್ನ. ಏರ್‌ಪೋರ್ಟ್ ಊರಿಂದ ದೂರ, ದಾರಿಯಲ್ಲಿ ಟ್ರಾಫಿಕ್ ಜಾಮ್. ಅರ್ಧ ದಾರಿಯಲ್ಲಿ ಸೌತ್ ಬಿ ಬಡಾವಣೆಯ ಜಯಂತಿ ಎಂಬಾಕೆ ನನ್ನ ಸೀಟಿನ ಬಳಿ ಬಗ್ಗಿ ಕಿವಿಯಲ್ಲಿ ಪಿಸುಗುಟ್ಟಿದಳು. ನಾನು ಡ್ರೈವರ್‌ಗೆ ಹೇಳಿ ಒಂದು ಪೆಟ್ರೋಲ್ ಬಂಕಿನಲ್ಲಿ ಬಸ್ ನಿಲ್ಲಿಸಿದೆ. ಅಲ್ಲಿದ್ದದ್ದು ಒಂದೇ ಟಾಯ್ಲೆಟ್. ಒಬ್ಬರ ಹಿಂದೆ ಒಬ್ಬರು ಹೋಗಿ ಬರುವಷ್ಟರಲ್ಲಿ ಇಪ್ಪತ್ತೈದು ನಿಮಿಷವಾಯಿತು. ಬಸ್ ಹೊರಟಾಗ ಶ್ರೀನಾಥ್ ಹಿಂದಿನ ಸೀಟಿನಿಂದ ಕೂಗಿದರು, "ಜಯಂತಿ ಮೇಡಂ, ಮುಂದಿನ ಸಲ ಸೈಟ್‌ಸೀಯಿಂಗ್ ಯಾಕೆ? ಟಾಯ್ಲೆಟ್ ಟೂರ್ ಅಂತಲೇ ಬುಕ್ ಮಾಡ್ಬಿಡಿ!"

ಗಂಡಸರೆಲ್ಲ ಗೊಳ್ಳೆಂದರು. ಹೆಂಗಸರೂ ನಕ್ಕರು. ಮುಂದಿನ ಸೀಟಿನಲ್ಲಿ ನಾನೂ ನಕ್ಕೆ.

ಆ ಸಂಜೆ ಹೋಟೆಲಿನ ಲೌಂಜಿನಲ್ಲಿ ಬ್ರೀಫಿಂಗ್. ಬ್ರೀಫಿಂಗ್ ಎಂದರೆ ಮರುದಿನದ ಕಾರ್ಯಕ್ರಮವನ್ನು ಎಲ್ಲರನ್ನೂ ಕೂರಿಸಿ ಹೇಳುವುದು. ಬೆಳಗ್ಗೆ ಎಂಟೂವರೆಗೆ ಹೊರಡುವುದು, ಹಳೇ ಪೇಟೆಯಲ್ಲಿ ಕಾಲ್ನಡಿಗೆ, ಒಂದು ಗಂಟೆಗೆ ಊಟ, ಮೂರಕ್ಕೆ ವ್ಯಾನಿನಲ್ಲಿ ಗುಡ್ಡದ ಮೇಲಿನ ಮೂರ್ತಿ. ಅದರ ಮರುದಿನ ಬೆಳಗ್ಗೆ ಕರಾವಳಿಗೆ ವಿಮಾನ. ಹಾಗಾಗಿ ಆ ಊರಿಗೆಂದು ನಮ್ಮ ಕೈಯಲ್ಲಿದ್ದದ್ದು ಅದೊಂದೇ ದಿನ. ಗಟ್ಟಿ ಶೂ ಹಾಕಿ, ಟೋಪಿ ಇರಲಿ, ನೀರು ಚೆನ್ನಾಗಿ ಕುಡಿಯಿರಿ, ಎಲ್ಲ ಹೇಳಿದೆ. ಕುಡಿದ ನೀರು ಹೋಗುವುದೆಲ್ಲಿಗೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಹೇಳದೆ ಇದ್ದದ್ದಕ್ಕೆ ಕಾರಣವಿತ್ತು. ನಾನು ಹನ್ನೊಂದು ವರ್ಷ ಕಾನ್ವೆಂಟಿನಲ್ಲಿ ಓದಿದವಳು. ಕ್ಲಾಸಿನಲ್ಲಿ ಅವಸರವಾದರೆ ಒಂದು ಬೆರಳೆತ್ತಿ, "ಮೇ ಐ ಬಿ ಎಕ್ಸ್‌ಕ್ಯೂಸ್ಡ್, ಸಿಸ್ಟರ್?" ಎನ್ನಬೇಕು. ಯಾಕೆ, ಎಲ್ಲಿಗೆ ಎಂದು ಹೇಳುವುದು ಬ್ಯಾಡ್ ಮ್ಯಾನರ್ಸ್. ಆ ಬಿಳಿ ಗೋಡೆಗಳು, ಫಿನಾಯಿಲ್ ವಾಸನೆಯ ಉದ್ದನೆಯ ಕಾರಿಡಾರು, ಸಿಸ್ಟರ್ ಸೊಂಟದ ಜಪಮಾಲೆಯ ಸದ್ದು ಈಗಲೂ ಆಗಾಗ ಕನಸಿನಲ್ಲಿ ಬರುತ್ತವೆ. ಇಂಗ್ಲಿಷು, ಶಿಸ್ತು, ಗಂಟೆ ಹೊಡೆದಂತೆ ನಡೆಯುವುದು, ಎಲ್ಲ ಅಲ್ಲಿಂದಲೇ ಬಂದದ್ದು; ಆ ಋಣ ದೊಡ್ಡದು. ಜೊತೆಗೆ ಈ ಸಂಕೋಚವೂ ಬಂತು. ಮೂವತ್ತು ವರ್ಷ ನನ್ನ ಬ್ರೀಫಿಂಗುಗಳಲ್ಲಿ ಟಾಯ್ಲೆಟ್ ಎಂಬ ಪದ ಬಂದಿರಲಿಲ್ಲ. "ಯಾರಿಗಾದರೂ ಫ್ರೆಶನ್ ಅಪ್ ಆಗಬೇಕಿದ್ದರೆ ನನಗೆ ಮೆಲ್ಲಗೆ ಹೇಳಿ" ಎನ್ನುತ್ತಿದ್ದೆ, ಅಷ್ಟೇ.

ಮರುದಿನ ಎಂಟೂವರೆಗೆ ಲೋಕಲ್ ಗೈಡ್ ರೊಸಾರಿಯೊ ಬಂದಳು. ನಲವತ್ತರ ಆಸುಪಾಸಿನ ಗಿಡ್ಡ ಹೆಂಗಸು, ಕೈಯಲ್ಲಿ ಮಡಿಚಿದ ಹಳದಿ ಛತ್ರಿ. ಗುಂಪಿಗೆ ಕಾಣಲೆಂದು ಅದನ್ನು ಎತ್ತಿ ಹಿಡಿದು ನಡೆಯುತ್ತಿದ್ದಳು. ಆಕಾಶ ಕಡುನೀಲಿ, ಬಿಸಿಲು ಚುರುಕು, ನೆರಳಿಗೆ ಹೋದರೆ ಚಳಿ. ಮೊದಲ ಏರಿನಲ್ಲೇ ಅವಳು ತಿರುಗಿ, "ಪೊಕೊ ಆ ಪೊಕೊ" ಎಂದಳು. ನಿಧಾನವಾಗಿ ಎಂದರ್ಥ. ಯಾರೋ, "ಓ, ಪೋಲೆ ಪೋಲೆ!" ಎಂದರು. ನಮ್ಮ ಸ್ವಾಹಿಲಿ ಕೇಳಿ ರೊಸಾರಿಯೊಗೆ ಖುಷಿಯಾಗಿ, ಆಮೇಲೆ ದಿನವಿಡೀ ಅವಳೂ "ಪೋಲೆ ಪೋಲೆ" ಎನ್ನತೊಡಗಿದಳು.

ಅರಮನೆ, ಕ್ಯಾಥೆಡ್ರಲ್ ಇರುವ ದೊಡ್ಡ ಚೌಕ ನೋಡಿದೆವು. ಒಳಗೆಲ್ಲ ಚಿನ್ನದ ರೇಕು ಹೊದಿಸಿದ ಇಗರ್ಜಿಯಲ್ಲಿ ಗಂಡಸರೂ ಬಾಯಿಮುಚ್ಚಿ ನಿಂತರು. ವತ್ಸಲಾ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು. ಬೀದಿಯ ಕೊನೆಯಲ್ಲಿ, ಮನೆಗಳ ಮಾಡಿನ ಮೇಲೆ, ಆ ಗುಡ್ಡವೂ ರೆಕ್ಕೆಯ ಮೂರ್ತಿಯೂ ಆಗಾಗ ಕಾಣುತ್ತಿದ್ದವು. ಕಂಡಾಗಲೆಲ್ಲ ಅವಳು ನಿಂತುಬಿಡುತ್ತಿದ್ದಳು. "ಇನ್ನೂ ಚಿಕ್ಕದಾಗಿ ಕಾಣ್ತಾಳೆ, ಅಲ್ವಾ ಅಕ್ಕ? ಹತ್ತಿರ ಹೋದ್ರೆ ನೋಡ್ಬೇಕು."

ಹತ್ತು ಗಂಟೆಗೆ ರೊಸಾರಿಯೊ ಒಂದು ಚಾಕೊಲೇಟ್ ಅಂಗಡಿಯ ಮುಂದೆ ನಿಲ್ಲಿಸಿ ಸ್ಪಷ್ಟವಾಗಿ ಹೇಳಿದಳು, "ಇಲ್ಲಿ ಕ್ಲೀನ್ ಬಾತ್‌ರೂಮ್ ಇದೆ. ಮುಂದಿನದು ಸಿಗೋದು ಇನ್ನೆರಡು ಗಂಟೆ ಕಳೆದ ಮೇಲೆ." ಗಂಡಸರಲ್ಲಿ ಮೂವರು ಹೋದರು. ಹೆಂಗಸರು ಆರೂ ಜನ ಒಟ್ಟಿಗೆ ತಲೆಯಾಡಿಸಿದರು: "ನೋ ನೋ, ವಿ ಆರ್ ಫೈನ್." ಅಂಗಡಿಯವನು ಎಲ್ಲರಿಗೂ ಬಿಸಿ ಗಿಡಮೂಲಿಕೆಯ ಟೀ ತಂದ. ಹೆಂಗಸರ ಲೋಟಗಳು ತುಂಬಿದಂತೆಯೇ ಉಳಿದವು.

ಹೊರಗೆ ಬಂದಾಗ ರೊಸಾರಿಯೊ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು, "ನಿಮ್ಮ ಲೇಡೀಸ್ ಟಾಯ್ಲೆಟ್‌ಗೆ ಹೋಗೋದೇ ಇಲ್ವಾ?"

ನಾನು ಕೊಟ್ಟ ಉತ್ತರ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. "ದೇ ಆರ್ ವೆಲ್ ಟ್ರೇನ್ಡ್" ಎಂದೆ, ಹೆಮ್ಮೆಯಿಂದ. ಎಂಥ ಶಿಸ್ತಿನ ಗುಂಪು ಸಿಕ್ಕಿತು, ಟೈಮ್‌ಟೇಬಲ್ ಒಂದು ನಿಮಿಷ ಜಾರಿಲ್ಲ ಎಂದು ಮನಸ್ಸಿನಲ್ಲೇ ಬೀಗುತ್ತಿದ್ದೆ.

ಹನ್ನೆರಡೂ ಇಪ್ಪತ್ತಕ್ಕೆ ಸಾನ್ ಫ್ರಾನ್ಸಿಸ್ಕೊ ಚೌಕಕ್ಕೆ ಬಂದೆವು. ಇಡೀ ಚೌಕಕ್ಕೆ ಕಲ್ಲು ಹಾಸಿದೆ, ಒಂದು ಮರದ ನೆರಳಿಲ್ಲ. ಸೂರ್ಯ ನೆತ್ತಿಯ ಮೇಲೆ. ನಾನು ಅಭ್ಯಾಸಬಲದಿಂದ ತಲೆ ಎಣಿಸಿದೆ: ಹನ್ನೆರಡು. ಇನ್ನೊಮ್ಮೆ ಎಣಿಸಿದೆ, ಹನ್ನೆರಡೇ. ವತ್ಸಲಾ ಹಿಂದೆ ಇಗರ್ಜಿಯ ಮೆಟ್ಟಿಲ ಮೇಲೆ ಕೂತಿದ್ದಳು, ಹ್ಯಾಂಡ್‌ಬ್ಯಾಗನ್ನು ಎರಡೂ ಕೈಯಲ್ಲಿ ಅವುಚಿಕೊಂಡು. ತುಟಿ ಬೆಳ್ಳಗಾಗಿತ್ತು.

"ನಳಿನಕ್ಕ, ಈ ಕಲ್ಲೆಲ್ಲ ಯಾಕೆ ಅಲ್ಲಾಡ್ತಿದೆ?" ಎಂದಳು. ನಾನು ಕೈ ಹಿಡಿಯುವುದರೊಳಗೆ ಪಕ್ಕಕ್ಕೆ ವಾಲಿ ಪ್ರಜ್ಞೆ ತಪ್ಪಿದಳು.

ಶ್ರೀನಾಥ್ ಓಡಿ ಬಂದರು. "ವತ್ಸೂ! ಏ ವತ್ಸೂ! ಏನಿಲ್ಲ, ಬಿಸಿಲು ಅಷ್ಟೇ. ಆಲ್ಟಿಟ್ಯೂಡ್ ಎಲ್ಲ ನಮಗೆ ಬರಲ್ಲ ಮೇಡಂ..." ಹೇಳುತ್ತಲೇ ಅವಳ ಕೆನ್ನೆ ತಟ್ಟುತ್ತಿದ್ದರು. ನನಗೆ ಭಯವಾದದ್ದು ಆಲ್ಟಿಟ್ಯೂಡ್‌ನದೇ. ಎತ್ತರದಲ್ಲಿ ಶ್ವಾಸಕೋಶಕ್ಕೋ ಮೆದುಳಿಗೋ ನೀರು ತುಂಬಿದರೆ ತಕ್ಷಣ ಕೆಳಗಿನ ಊರಿಗೆ ಇಳಿಸಬೇಕು. ತಡವಾದರೆ ಜೀವಕ್ಕೇ ಅಪಾಯ. ನಮ್ಮ ಟ್ರೇನಿಂಗಿನಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೆ. ಕಾಲು ಮೇಲೆತ್ತಿ ಮಲಗಿಸಿದಾಗ ಅರ್ಧ ನಿಮಿಷದಲ್ಲಿ ಕಣ್ಣು ಬಿಟ್ಟಳು. ರೊಸಾರಿಯೊ ಆಗಲೇ ವ್ಯಾನ್ ಕರೆಸಿದ್ದಳು. ಎರಡು ಬೀದಿಯಾಚೆ ಒಂದು ಚಿಕ್ಕ ಕ್ಲಿನಿಕ್. ಗುಂಪಿಗೆ ಊಟ ಮಾಡಿ ಬನ್ನಿ ಎಂದೆ. ಯಾರೂ ಹೋಗಲಿಲ್ಲ, ಹಿಂದೆಯೇ ನಡೆದು ಬಂದು ವೆರಾಂಡದಲ್ಲಿ ಕೂತರು.

ಡಾಕ್ಟರ್ ಒಬ್ಬ ನರೆತ ಕೂದಲಿನ ಹೆಂಗಸು, ಸ್ಪ್ಯಾನಿಷ್ ಬಿಟ್ಟರೆ ಬೇರೆ ಬಾರದು. ರೊಸಾರಿಯೊ ಇಂಗ್ಲಿಷಿಗೆ ಮಾಡಿ ಹೇಳುತ್ತಿದ್ದಳು. ಬೆರಳಿಗೆ ಕ್ಲಿಪ್ ಹಾಕಿ ನೋಡಿದರೆ ಆಕ್ಸಿಜನ್ ತೊಂಬತ್ತೆರಡು. ಆ ಎತ್ತರಕ್ಕೆ ಅದು ಸರಿಯೇ ಅಂತೆ. ಶ್ವಾಸಕೋಶ ಚೆನ್ನಾಗಿದೆ. ಆದರೆ ಬಿಪಿ ಬಹಳ ಕೆಳಗಿದೆ, ನಾಡಿ ಓಡುತ್ತಿದೆ. ಡಾಕ್ಟರ್ ವತ್ಸಲಾಳ ಕೈಮೇಲಿನ ಚರ್ಮವನ್ನು ಚಿವುಟಿ ಬಿಟ್ಟು ನೋಡಿದಳು, ನಾಲಿಗೆ ಚಾಚಲು ಹೇಳಿದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. ರೊಸಾರಿಯೊ ಅದನ್ನು ಹಾಗೆಯೇ ದಾಟಿಸಿದಳು: ಇವರು ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ?

ಶ್ರೀನಾಥ್ ನನ್ನ ಮುಖ ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ. ವತ್ಸಲಾ ಕಣ್ಣು ಮುಚ್ಚಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ಜಯಂತಿ ತಟ್ಟನೆ ಒಳಗೆ ಬಂದಳು. "ಅವಳನ್ನೇನು ಕೇಳ್ತೀರಾ, ನಾನು ಹೇಳ್ತೀನಿ. ಬೆಳಗ್ಗೆ ಐದೂವರೆಗೆ, ಹೋಟೆಲಲ್ಲಿ. ನಿನ್ನೆ ಸಂಜೆಯಿಂದ ಒಂದು ಗುಟುಕು ನೀರು ಕುಡಿದಿಲ್ಲ. ಅವಳೊಬ್ಬಳೇ ಅಲ್ಲ, ನಾವು ಆರೂ ಜನ. ನಿನ್ನೆ ರಾತ್ರಿ ನನ್ನ ರೂಮಲ್ಲಿ ಕೂತು ಮಾತಾಡ್ಕೊಂಡ್ವಿ, ನಾಳೆ ಬಸ್ ನಿಲ್ಸೋ ಹಾಗೆ ಮಾಡೋದು ಬೇಡ, ಮತ್ತೆ ಅನ್ನಿಸ್ಕೊಳ್ಳೋದು ಬೇಡ ಅಂತ. ಮಾರಾ ಸಫಾರಿಗೆ ಹೋಗುವಾಗ್ಲೂ ಹೀಗೇ ಮಾಡೋದು, ಮೊಂಬಾಸಾಗೆ ಹೋಗುವಾಗ್ಲೂ ಹೀಗೇ. ನಮಗೇನು ಹೊಸದಾ?"

"ಅಷ್ಟಕ್ಕೇನಾ? ನಾನು ತಮಾಷೆಗೆ ಹೇಳಿದ್ದಲ್ವಾ?" ಎಂದರು ಶ್ರೀನಾಥ್.

"ನೀವು ತಮಾಷೆಗೆ ಹೇಳಿದ್ರಿ ಸರ್. ನಾವು ಸೀರಿಯಸ್ಸಾಗಿ ಬಾಯಾರಿಕೊಂಡ್ವಿ."

ನಾನು ಇದನ್ನೆಲ್ಲ ಇಂಗ್ಲಿಷಿಗೆ ಮಾಡಿ ಹೇಳಿದೆ, ರೊಸಾರಿಯೊ ಡಾಕ್ಟರ್‌ಗೆ ವಿವರಿಸಿದಳು. ಡಾಕ್ಟರ್ ಕನ್ನಡಕ ತೆಗೆದು ನಮ್ಮ ಆರೂ ಹೆಂಗಸರನ್ನು ಒಬ್ಬೊಬ್ಬರಾಗಿ ನೋಡಿ, ತಲೆಯಲ್ಲಾಡಿಸಿ ನರ್ಸನ್ನು ಕೂಗಿದಳು. ಒಂದೇ ನಿಮಿಷದಲ್ಲಿ ವೆರಾಂಡದ ಉದ್ದಕ್ಕೂ ಓಆರ್‌ಎಸ್ ಲೋಟಗಳು ಬಂದವು. ಆ ಎತ್ತರದ ಒಣಗಾಳಿಯಲ್ಲಿ ಬರೀ ಉಸಿರಾಡಿದರೂ ಮೈಯ ನೀರು ಹೋಗುತ್ತದೆ, ನೀವು ಬೆಳಗಿನಿಂದ ಏರು ಹತ್ತಿ ಇಳಿದಿದ್ದೀರಿ ಎಂದು ಬೈದಳಂತೆ. ಬೈಗುಳವನ್ನು ರೊಸಾರಿಯೊ ಸ್ವಲ್ಪ ಮೃದು ಮಾಡಿ ದಾಟಿಸಿದಳು ಎಂದು ನನ್ನ ಅನುಮಾನ.

ವತ್ಸಲಾಳ ವಿಷಯದಲ್ಲಿ ಡಾಕ್ಟರ್ ಹೇಳಿದ್ದು ಇಷ್ಟು. ಒಂದು ಲೀಟರ್ ಓಆರ್‌ಎಸ್ ಅನ್ನು ಗುಟುಕು ಗುಟುಕಾಗಿ ಕುಡಿಯಬೇಕು. ಮೂತ್ರ ಹೋಗಬೇಕು. ಆಮೇಲೆ ಬಿಪಿ ಸರಿಬಂದರೆ ಹೋಗಬಹುದು. ಗುಡ್ಡಕ್ಕೂ ಹೋಗಬಹುದು, ಆದರೆ ವ್ಯಾನಿನಲ್ಲಿ, ಮೆಟ್ಟಿಲು ಹತ್ತದೆ. ಸಂಜೆ ಐದರೊಳಗೆ ಮೂತ್ರ ಹೋಗದಿದ್ದರೆ ಡ್ರಿಪ್ ಹಾಕಿ ರಾತ್ರಿ ಇಟ್ಟುಕೊಳ್ಳಬೇಕಾಗುತ್ತದೆ. ಎಂದರೆ ಮೂರ್ತಿಯೂ ಇಲ್ಲ, ಬೆಳಗಿನ ವಿಮಾನವೂ ಇಲ್ಲ. ಆಗ ಗಂಟೆ ಒಂದೂವರೆ.

ಟೂರ್ ಮ್ಯಾನೇಜರ್ ಆಗಿ ನಾನು ಉಳಿದವರನ್ನು ಕಾರ್ಯಕ್ರಮದಂತೆ ಮುಂದೆ ಕಳಿಸಬೇಕಿತ್ತು. ರೂಲ್ ಇರುವುದೇ ಹಾಗೆ: ಒಬ್ಬರಿಗಾಗಿ ಹನ್ನೆರಡು ಜನರ ದಿನ ನಿಲ್ಲಬಾರದು. ಹೊರಗೆ ಬಂದು ಹಾಗೆಂದೆ. ಇನ್ನೊಂದು ಮಾತು ಹೇಳುವುದಿತ್ತು. ಮೂವತ್ತು ವರ್ಷದ ಅಭ್ಯಾಸ. ಹನ್ನೊಂದು ವರ್ಷದ ಕಾನ್ವೆಂಟು. ಆರು ಜನ ಗಂಡಸರು ಎದುರಿಗೆ ನಿಂತಿದ್ದರು.

"ಎಲ್ಲರೂ ಕೇಳಿ," ಎಂದೆ. "ವತ್ಸಲಾಗೆ ಮೂತ್ರ ಹೋಗಬೇಕು. ಹೋದರೆ ಐದು ಗಂಟೆಗೆ ಗುಡ್ಡಕ್ಕೆ ಹೋಗಬಹುದು. ಹೋಗದಿದ್ದರೆ ಅವರು ಇಲ್ಲೇ ಉಳೀತಾರೆ. ಉಳಿದ ಹೆಂಗಸರೂ ನೀರು ಕುಡೀಬೇಕು, ಟಾಯ್ಲೆಟ್‌ಗೆ ಹೋಗಬೇಕು, ಆಮೇಲೆ ಬಂದು ನನಗೆ ಹೇಳಬೇಕು. ಇದನ್ನ ನಾನು ನಿನ್ನೆಯೇ ಹೇಳಬೇಕಿತ್ತು. ಹೇಳಲಿಲ್ಲ. ಬಸ್ಸಲ್ಲಿ ಆ ಜೋಕಿಗೆ ನಾನೂ ನಕ್ಕೆ. ತಪ್ಪು ನನ್ನದು."

ಜಯಂತಿ ಲೋಟ ಎತ್ತಿ, "ಚಿಯರ್ಸ್" ಎಂದಳು. ಎಲ್ಲರೂ ನಕ್ಕರು. ಯಾರೂ ಗುಡ್ಡಕ್ಕೆ ಹೊರಡಲಿಲ್ಲ. ಹೋದರೆ ಎಲ್ಲರೂ ಒಟ್ಟಿಗೇ ಹೋಗುತ್ತೇವೆ ಎಂದರು. ರೊಸಾರಿಯೊ ಹೋಗಿ ಬ್ರೆಡ್, ಚೀಸ್, ಬಾಳೆಹಣ್ಣು ತಂದಳು. ಚರಿತ್ರೆಯ ಉಳಿದ ಭಾಗವನ್ನು ವೆರಾಂಡದಲ್ಲೇ ನಿಂತು ಹೇಳಿ ಮುಗಿಸಿದಳು. ಇಂಕಾ ಅರಸರು, ಸ್ಪೇನಿನವರು, ಭೂಕಂಪಗಳು. ಒಬ್ಬೊಬ್ಬರಾಗಿ ಹೆಂಗಸರು ಎದ್ದು ಹೋಗಿ ಬಂದರು. ಪ್ರತಿ ಸಲವೂ ನನಗೆ ಗಂಭೀರವಾಗಿ ತಲೆಯಾಡಿಸಿ ವರದಿ ಕೊಟ್ಟರು.

ಶ್ರೀನಾಥ್ ಮಾತ್ರ ಹೊರಗೆ ಬರಲಿಲ್ಲ. ಹೆಂಡತಿಯ ಮಂಚದ ಪಕ್ಕ ಕೂತು ಚಮಚದಿಂದ ನೀರು ಕುಡಿಸುತ್ತಿದ್ದರು. ನಾನು ಒಳಗೆ ಹೋದಾಗ ವತ್ಸಲಾ ಹೇಳುತ್ತಿದ್ದಳು, "ರೀ, ನನಗೇ ಕುಡಿಯೋಕೆ ಬರುತ್ತೆ. ಲೋಟ ಕೊಡಿ."

"ಡಾಕ್ಟರ್ ಗುಟುಕು ಗುಟುಕಾಗಿ ಅಂದಿದಾರೆ."

"ಇದು ಗುಟುಕಲ್ಲ, ಹನಿ. ಹೀಗೇ ಕುಡಿಸಿದ್ರೆ ನಾಡಿದ್ದು ಮುಗಿಯುತ್ತೆ."

ಲೋಟ ಅವಳ ಕೈಗೆ ಬಂತು. ಶ್ರೀನಾಥ್ ನನ್ನತ್ತ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದರು, "ಮೂವತ್ತಾರು ವರ್ಷ ಮೇಡಂ. ಎಷ್ಟು ಕಡೆ ಕಾರಲ್ಲಿ ಕರ್ಕೊಂಡು ಹೋಗಿದೀನಿ. ಪ್ರತಿ ಸಲ ಹೀಗೇ ಕೂತಿರ್ತಿದ್ಲಾ?"

ನಾನು ಉತ್ತರಿಸುವ ಮೊದಲೇ ವತ್ಸಲಾ ಹೇಳಿದಳು, "ಪ್ರತಿ ಸಲ ಅಲ್ಲ. ನೀವು ಟೈಮ್ ನೋಡ್ಕೊಂಡು ಓಡಿಸ್ತಿದ್ದಾಗ ಮಾತ್ರ."

ಅವರು ಯಾವಾಗಲೂ ಟೈಮ್ ನೋಡಿಕೊಂಡೇ ಓಡಿಸುವವರು ಎಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಮೂರು ಗಂಟೆಯಾಯಿತು, ಏನೂ ಇಲ್ಲ. ಮೂರೂವರೆ. ಇನ್ನೂರೈವತ್ತು ಮಿಲಿಲೀಟರ್ ಬಾಕಿ. ನಾಲ್ಕು ಗಂಟೆ. ಈಗ ಗುಂಪಿನ ಹನ್ನೆರಡು ಜನ, ಡ್ರೈವರ್, ರೊಸಾರಿಯೊ, ನರ್ಸು, ಎಲ್ಲರಿಗೂ ಒಂದೇ ಚಿಂತೆ. ನೈರೋಬಿಯಂತೆ ಆ ಊರೂ ಭೂಮಧ್ಯರೇಖೆಯ ಮಗ್ಗುಲಲ್ಲೇ ಇದೆ. ವರ್ಷವಿಡೀ ಆರೂಕಾಲು, ಆರೂವರೆಗೆ ಸೂರ್ಯ ಮುಳುಗಿಬಿಡುತ್ತಾನೆ. ನಾಲ್ಕೂ ಇಪ್ಪತ್ತಕ್ಕೆ ವತ್ಸಲಾ ನರ್ಸಿನ ತೋಳು ಹಿಡಿದು ಎದ್ದು ಕಾರಿಡಾರಿನ ಕೊನೆಗೆ ಹೋದಳು. ಬಾಗಿಲು ಮುಚ್ಚಿತು. ವೆರಾಂಡದಲ್ಲಿ ಎಲ್ಲರೂ ಪರೀಕ್ಷೆಯ ರಿಸಲ್ಟ್ ಕಾಯುವವರಂತೆ ಆ ಬಾಗಿಲನ್ನೇ ನೋಡುತ್ತ ನಿಂತರು.

ಬಾಗಿಲು ತೆರೆಯಿತು. ಅವಳು ನಮ್ಮನ್ನೆಲ್ಲ ನೋಡಿದಳು, ಕೆಂಪಾದಳು, ತಲೆಯಾಡಿಸಿದಳು.

ಜಯಂತಿ ಮೊದಲು ಚಪ್ಪಾಳೆ ತಟ್ಟಿದಳು. ಆಮೇಲೆ ಎಲ್ಲರೂ. ಡ್ರೈವರ್ ಕೂಡ. ಶ್ರೀನಾಥ್ ಕಣ್ಣೊರೆಸಿಕೊಂಡು, ಯಾರಿಗೆ ಎಂದು ಗೊತ್ತಾಗದೆ, ಎಲ್ಲರಿಗೂ "ಅಸಾಂಟೆ, ಅಸಾಂಟೆ ಸಾನಾ" ಎಂದು ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದರು. ವತ್ಸಲಾ ಮುಖ ಮುಚ್ಚಿಕೊಂಡು, "ಅಯ್ಯೋ, ಮಾನ ಹೋಯ್ತು!" ಎಂದಳು; ಕೈಗಳ ಹಿಂದೆ ನಗುತ್ತಿದ್ದಳು.

ಬಿಪಿ ಸರಿಬಂತು. ಡಾಕ್ಟರ್ ಚೀಟಿಯ ಮೇಲೆ ಸಹಿ ಹಾಕಿದಳು. ಐದು ಗಂಟೆಗೆ ಸರಿಯಾಗಿ ನಾವು ಗುಡ್ಡದ ಮೇಲಿದ್ದೆವು. ಸಾವಿರಾರು ಅಲ್ಯೂಮಿನಿಯಂ ತುಂಡುಗಳನ್ನು ಜೋಡಿಸಿ ಮಾಡಿದ ಆ ಮೂರ್ತಿಗೆ ಇಳಿಬಿಸಿಲು ಬಿದ್ದಿತ್ತು. ರೆಕ್ಕೆ ಬಿಚ್ಚಿ, ಒಂದು ಹೆಜ್ಜೆ ಮುಂದಿಟ್ಟು, ಹಾವಿನ ಮೇಲೆ ನಿಂತವಳು. ವತ್ಸಲಾ ವ್ಯಾನಿನ ಮೆಟ್ಟಿಲ ಬಳಿ ಗಂಡನ ಜಾಕೆಟ್ ಹೊದ್ದು ತಲೆಯೆತ್ತಿ ನಿಂತಳು. ನಾನು ಹತ್ತಿರ ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಅವಳೇ ಕರೆದು ಹೇಳಿದಳು, "ಫೋಟೊದಲ್ಲಿ ಇಷ್ಟು ಧೈರ್ಯ ಕಾಣಿಸಿರಲಿಲ್ಲ ಅಕ್ಕ."

ಗಾಳಿ ತಣ್ಣಗಾಯಿತು. ನಾನು ತಲೆ ಎಣಿಸಿದೆ, ಹದಿಮೂರು. ರೊಸಾರಿಯೊ ಛತ್ರಿ ಎತ್ತಿದಳು, ಡ್ರೈವರ್ ಎಂಜಿನ್ ಚಾಲೂ ಮಾಡಿದ. ಆಗ ವತ್ಸಲಾ ಡ್ರೈವರ್‌ನ ಕಿಟಕಿಯ ಬಳಿ ಹೋಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು, "ಹತ್ತು ನಿಮಿಷ ನಿಲ್ಲಿಸಿ. ನಾವು ಹೆಂಗಸರು ಟಾಯ್ಲೆಟ್‌ಗೆ ಹೋಗಿ ಬರ್ತೀವಿ."

ಶ್ರೀನಾಥ್ ಬಾಯಿ ತೆರೆದರು. ಆಮೇಲೆ ಮುಚ್ಚಿ, ಆರು ಹ್ಯಾಂಡ್‌ಬ್ಯಾಗುಗಳನ್ನೂ ಇಸಿದುಕೊಂಡು ನಿಂತರು. ಅವತ್ತು ಹತ್ತಲ್ಲ, ಹದಿನೆಂಟು ನಿಮಿಷವಾಯಿತು.

ನಾನು ರಿಟೈರ್ ಆಗಿ ಎರಡು ವರ್ಷ ಕಳೆದಿದೆ. ಮಂಡಿನೋವಿನಿಂದಾಗಿ ದೂರದ ಊರುಗಳು ಇನ್ನು ನನಗಿಲ್ಲ. ಹಳೇ ಪಾಸ್‌ಪೋರ್ಟುಗಳನ್ನು ಕೆಲವು ಮಧ್ಯಾಹ್ನ ತೆಗೆದು ಮುದ್ರೆಗಳನ್ನು ನೋಡುತ್ತೇನೆ. ಕಂಪನಿಯವರು ಹೊಸ ಟೂರ್ ಮ್ಯಾನೇಜರುಗಳಿಗೆ ಪಾಠ ಹೇಳಲು ಆಗಾಗ ಕರೆಯುತ್ತಾರೆ. ಜನರನ್ನು ದೂರ ಕರೆದೊಯ್ಯುವವರು ಮೊದಲು ಅವರ ಮೈಯನ್ನು ಕರೆದೊಯ್ಯುತ್ತಿದ್ದೇವೆ ಎಂಬುದನ್ನು ತಿಳಿದಿರಬೇಕು ಎಂದು ಅವರಿಗೆ ಹೇಳುತ್ತೇನೆ. ಇಗರ್ಜಿ, ಅರಮನೆ, ಬೆಟ್ಟ ಎಲ್ಲ ಅದರ ಹಿಂದೆ. ಗಲಾಟೆಯ ಗುಂಪಿಗೆ ಹೆದರಬೇಡಿ, ಒಬ್ಬರೂ ಏನೂ ಕೇಳದೆ ಇಡೀ ದಿನ ಸರಿಯಾದ ಟೈಮಿಗೆ ನಡೆಯುತ್ತಿದ್ದರೆ ಆಗ ನಿಂತು ವಿಚಾರಿಸಿ. ಆಮೇಲೆ ಒಬ್ಬೊಬ್ಬರನ್ನೂ ಎದ್ದು ನಿಲ್ಲಿಸಿ, ಗಂಡಸರು ಹೆಂಗಸರು ಎಲ್ಲರ ಎದುರಿಗೆ, ಮರುದಿನ ಟಾಯ್ಲೆಟ್ ಎಲ್ಲೆಲ್ಲಿದೆ, ಎಷ್ಟು ಗಂಟೆಗೆ ಎಂದು ಗಟ್ಟಿಯಾಗಿ ಹೇಳಿಸುತ್ತೇನೆ. ಮೊದಲ ಸಲ ಎಲ್ಲರೂ ನಾಚುತ್ತಾರೆ. ಎರಡನೇ ಸಲಕ್ಕೆ ಸರಿಹೋಗುತ್ತದೆ.